ತಂತಿ ಮೀಟಿ ಪೇಟಿ ನುಡಿಸಿದ ಚರಿತ್ರೆ

ನಮ್ಮ ವಾಚನಾಲಯದ ಪುಸ್ತಕಕ್ಕೆ ಒಂದು ಚರಿತ್ರೆಯ ಲೇಖನ ಕೊಡಿ ಅಂತ ಕೇಳಿದಾಗ, ನಾನು ಆದೋನಿ ಕೋಟೆಯ ಬಗ್ಗೆಯೋ ಸಿದ್ದಿ ಮಸೂದ್ ಖಾನನ ಬಗ್ಗೆಯೋ ಬರೆಯುತ್ತೇನೆ ಅಂತ ಎಲ್ಲರೂ ತಿಳಿದಿದ್ದರು. ಅದನ್ನು ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯಹೊರಟದ್ದು ಹೋದ ಜಾತ್ರೆಯಲ್ಲಿ ನಮ್ಮೂರ ಕಟ್ಟೆಯ ಮೇಲೆ ನಡೆದ ಒಂದು ಸಂಗತಿಯನ್ನು, ಮತ್ತು ಅದರ ಹಿಂದೆ ಇರುವ ಉದ್ದನೆಯ ಕಥೆಯನ್ನು. ಅವತ್ತು ನನ್ನ ತಂಗಿಯ ಮಗ ಗಿಟಾರ್ ಹಿಡಿದು ತಂತಿ ಮೀಟಿದ, ಸ್ಪೀಕರಿನಿಂದ ಹಾರ್ಮೋನಿಯಂ ಕೇಳಿಸಿತು. ಅದೂ ಎಂಥ ಹಾರ್ಮೋನಿಯಂ? 1994ರಲ್ಲಿ ತೀರಿಕೊಂಡ ನಮ್ಮಪ್ಪನ ಪೇಟಿ. ಕೆಲವರು ದೇವರಿಗೆ ಕೈ ಮುಗಿದರು. ಕೆಲವರು ‘ಕ್ಯಾಸೆಟ್ ಹಾಕ್ಯಾರೆ, ಹುಡುಗ ಸುಮ್ನೆ ಕೈಯಾಡಿಸ್ತಾನೆ’ ಅಂದರು. ಎರಡೂ ಸರಿಯಲ್ಲವಾದ್ದರಿಂದ ಈ ಲೇಖನ.

ನಮ್ಮಪ್ಪ ದೊಡ್ಡಾಟದ ಪೇಟಿ ಮಾಸ್ತರು ಎಂಬುದು ಹಿರಿಯರಿಗೆ ಗೊತ್ತು. ಕೋಸಿಗಿ, ಕೌತಾಳ, ಹೊಳಗುಂದಿ, ಆಲೂರು ಕಡೆಯೆಲ್ಲ ಕರೆ ಬರುತ್ತಿತ್ತು. ಅವರು ಹುಟ್ಟಿದ್ದು ಬಳ್ಳಾರಿ ಜಿಲ್ಲೆಯಲ್ಲಿ, ತೀರಿಕೊಂಡದ್ದು ಕರ್ನೂಲು ಜಿಲ್ಲೆಯಲ್ಲಿ, ಆದರೆ ಮನೆ ಮಾತ್ರ ಅದೇ ಮನೆ. 1953ರ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಆ ಕಡೆ ಸೇರಿದವಲ್ಲ, ಹಾಗೆ. ಒಮ್ಮೆ ಮಂತ್ರಾಲಯಕ್ಕೆ ಬಂದಿದ್ದ ಒಬ್ಬ ಪಿಟೀಲು ವಿದ್ವಾಂಸರು ಅಪ್ಪನ ಪೇಟಿ ಕೇಳಿ, ‘ಮಾಸ್ತರೇ, ಕೈ ಚಲೋ ಐತೆ. ಆದ್ರೆ ಈ ಪೆಟ್ಟಿಗೆಗೆ ಜಾರು ಬರಂಗಿಲ್ಲ ನೋಡ್ರಿ’ ಅಂದರಂತೆ. ಅಪ್ಪ ಈ ಮಾತನ್ನು ಸಾಯುವವರೆಗೂ ಹೇಳುತ್ತಿದ್ದರು. ಸಿಟ್ಟಿನಿಂದಲ್ಲ. ಮಾತು ನಿಜವಾಗಿತ್ತು, ಅದಕ್ಕೆ.

ಜಾರು ಅಂದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಿಗಿಯದೆ ಎಳೆದುಕೊಂಡು ಹೋಗುವುದು. ಕೊರಳು ಮಾಡುತ್ತದೆ, ಪಿಟೀಲು ಮಾಡುತ್ತದೆ, ವೀಣೆಯಲ್ಲಿ ಮೆಟ್ಟಿಲ ಮೇಲೆ ತಂತಿಯನ್ನು ಪಕ್ಕಕ್ಕೆ ಎಳೆದರೆ ಬರುತ್ತದೆ. ಪೇಟಿಯಲ್ಲಿ ಹೇಗೆ ಬರಬೇಕು? ಒಂದೊಂದು ಮನೆಯ ಕೆಳಗೆ ಒಂದೊಂದು ಹಿತ್ತಾಳೆಯ ರೀಡು ಇರುತ್ತದೆ. ತಿದಿಯ ಗಾಳಿಗೆ ಅದು ತನ್ನ ಒಂದೇ ಸ್ವರದಲ್ಲಿ ನಡುಗುತ್ತದೆ. ಸ ಮತ್ತು ರಿ ನಡುವೆ ಇರುವುದು ಬರೀ ಮರ. ರಾಗದ ಜೀವ ಇರುವುದೋ ಆ ನಡುವಿನ ಜಾಗದಲ್ಲಿ.

ಹಾರ್ಮೋನಿಯಂ ನಮ್ಮದಲ್ಲ, ಫ್ರಾನ್ಸಿನದು. ಪ್ಯಾರಿಸಿನ ಅಲೆಕ್ಸಾಂದ್ರ್ ದೆಬೆನ್ ಎಂಬಾತ 1840ರ ಸುಮಾರಿಗೆ ಆ ಹೆಸರಿನಲ್ಲಿ ಹಕ್ಕು ಪಡೆದ. ಅದು ಕಾಲಲ್ಲಿ ತುಳಿಯುವ ದೊಡ್ಡ ವಾದ್ಯ. ನೆಲದ ಮೇಲೆ ಕೂತು ಎಡಗೈಯಲ್ಲಿ ತಿದಿ ಒತ್ತುವ ಪೇಟಿಯನ್ನು ಮಾಡಿದವರು ಕಲ್ಕತ್ತೆಯ ದ್ವಾರಕಾನಾಥ ಘೋಷ್, 19ನೇ ಶತಮಾನದ ಕೊನೆಯ ಭಾಗದಲ್ಲಿ. ಅಲ್ಲಿಂದ ನಾಟಕ ಕಂಪನಿಗಳ ಹಿಂದೆ ಹಿಂದೆ ಅದು ಊರೂರಿಗೆ ಬಂತು. ಅದಕ್ಕಿಂತ ಮೊದಲೇ, 1800ರ ಆಸುಪಾಸಿನಲ್ಲಿ, ಬಾಲುಸ್ವಾಮಿ ದೀಕ್ಷಿತರು ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದಿದ್ದರು. ಎರಡೂ ಪರದೇಶದ ವಾದ್ಯಗಳೇ. ಪಿಟೀಲಿಗೆ ಕಛೇರಿಯಲ್ಲಿ ಮಣೆ ಹಾಕಿದರು, ಪೇಟಿಯನ್ನು ಬಾಗಿಲಲ್ಲಿ ನಿಲ್ಲಿಸಿದರು. ಪಿಟೀಲು ಜಾರುತ್ತದೆ, ಪೇಟಿ ಜಾರುವುದಿಲ್ಲ, ಅಷ್ಟೇ ಕಾರಣ. ಆಕಾಶವಾಣಿಯೂ 1940ರ ಮಾರ್ಚ್ 1ರಿಂದ ಹಾರ್ಮೋನಿಯಂ ಅನ್ನು ಪ್ರಸಾರದಿಂದ ಹೊರಗಿಟ್ಟಿತ್ತು. ಅಲ್ಲಿ ಪಾಶ್ಚಾತ್ಯ ಸಂಗೀತದ ವಿಭಾಗ ನೋಡುತ್ತಿದ್ದ ಜಾನ್ ಫೌಲ್ಡ್ಸ್ ಎಂಬ ಇಂಗ್ಲಿಷ್ ಸಂಗೀತಗಾರ ಇದರ ವಿರುದ್ಧ ಬರೆದಿದ್ದ. ರವೀಂದ್ರನಾಥ ಠಾಕೂರರಿಗೂ ಅದು ಆಗುತ್ತಿರಲಿಲ್ಲ. ಕಟ್ಟು ಸಡಿಲವಾದದ್ದು 1971ರಲ್ಲಿ. ಫೌಲ್ಡ್ಸ್ ಸಾಹೇಬ ನಮ್ಮ ಕಡೆ ಒಂದು ದೊಡ್ಡಾಟ ನೋಡಿದ್ದರೆ ಮನಸ್ಸು ಬದಲಿಸುತ್ತಿದ್ದನೋ ಏನೋ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ, ಮೈಕಿಲ್ಲದೆ, ಅಷ್ಟು ಜನರಿಗೆ ಶ್ರುತಿ ಕೇಳಿಸಬೇಕು ಅಂದರೆ ಪೇಟಿ ಬಿಟ್ಟು ಇನ್ಯಾವುದು ತಡೆಯುತ್ತದೆ?

ಇನ್ನು ತಂತಿಯ ಕಡೆಗೆ ಬರೋಣ. ಈ ಸೀಮೆಯಲ್ಲಿ ತಂತಿಯ ಮಾತು ಬಂದರೆ ರಾಯರ ಹೆಸರು ಬರಲೇಬೇಕು. ಪರಂಪರೆಯ ಪ್ರಕಾರ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳ ಮುತ್ತಜ್ಜ ಕೃಷ್ಣಭಟ್ಟರು ವಿಜಯನಗರದಲ್ಲಿ ಕೃಷ್ಣದೇವರಾಯನಿಗೆ ವೀಣೆ ಕಲಿಸಿದವರು. ಪೂರ್ವಾಶ್ರಮದಲ್ಲಿ ರಾಯರೂ ವೀಣೆ ಬಲ್ಲವರೇ. ವೀಣೆಯನ್ನು ನೋಡಿದವರು ಗಮನಿಸಿರುತ್ತೀರಿ, ಮೇಣದ ಮೇಲೆ ಮೆಟ್ಟಿಲುಗಳು ಎತ್ತರಕ್ಕೆ ಕೂತಿರುತ್ತವೆ, ತಂತಿಗೂ ಕೆಳಗಿನ ಹಲಗೆಗೂ ನಡುವೆ ಜಾಗ ಇರುತ್ತದೆ. ಆ ಜಾಗದಿಂದಲೇ ಬೆರಳು ತಂತಿಯನ್ನು ಎಳೆಯಲು ಆಗುವುದು. ಗಿಟಾರಿಗೂ ಮೆಟ್ಟಿಲುಗಳಿವೆ, ಆದರೆ ಗಿಡ್ಡ. ಆದರೂ ತಂತಿ ಬಗ್ಗುತ್ತದೆ. ಗಿಟಾರ್ ನಮ್ಮ ಕಿವಿಗೆ ಒಗ್ಗಿದ್ದು ಇದರಿಂದಲೇ ಅಂತ ನನ್ನ ಎಣಿಕೆ.

ಕರೆಂಟಿನ ಗಿಟಾರ್ ಬಂದದ್ದು ಅಮೆರಿಕದಲ್ಲಿ, 1931-32ರಲ್ಲಿ. ಜಾರ್ಜ್ ಬೋಷಾಂ ಮತ್ತು ರಿಕನ್‌ಬ್ಯಾಕರ್ ಎಂಬ ಇಬ್ಬರು ಸೇರಿ ಮಾಡಿದ ಮೊದಲನೆಯದು ಬಾಣಲೆಯ ಆಕಾರದಲ್ಲಿತ್ತು, ಜನ ಅದನ್ನು ‘ಬಾಣಲೆ’ ಅಂತಲೇ ಕರೆದರು. ತಂತಿಯ ಕೆಳಗೆ ಒಂದು ಅಯಸ್ಕಾಂತ, ಅದರ ಸುತ್ತ ಸಣ್ಣ ತಾಮ್ರದ ತಂತಿಯ ಸುರುಳಿ. ಉಕ್ಕಿನ ತಂತಿ ನಡುಗಿದರೆ ಸುರುಳಿಯಲ್ಲಿ ಸಣ್ಣ ಕರೆಂಟು ಹುಟ್ಟುತ್ತದೆ. ನಮ್ಮ ಹೈಸ್ಕೂಲು ಮಕ್ಕಳು ಫ್ಯಾರಡೆಯ ಪಾಠದಲ್ಲಿ ಓದುತ್ತಾರಲ್ಲ, ಅದೇ. ಇದಕ್ಕೆ ಪಿಕಪ್ ಅಂತ ಹೆಸರು. ಇಲ್ಲಿಯವರೆಗೆ ತಂತಿಯ ಸದ್ದೇ ದೊಡ್ಡದಾಗಿ ಬರುತ್ತದೆ, ಬೇರೇನಿಲ್ಲ.

ಸಿಂಥಸೈಜರ್ ಬೇರೆ ಜಾತಿಯದು. ಅದರಲ್ಲಿ ತಂತಿ, ರೀಡು, ತೊಗಲು ಯಾವುದೂ ಇಲ್ಲ, ಕರೆಂಟಿನಿಂದಲೇ ಸದ್ದು ಹುಟ್ಟಿಸುತ್ತದೆ. ಅಮೆರಿಕದ ರಾಬರ್ಟ್ ಮೂಗ್ 1964ರಲ್ಲಿ ಇದನ್ನು ಸಂಗೀತಗಾರರ ಕೈಗೆ ಸಿಗುವಂತೆ ಮಾಡಿದ. ಅವನ ಏರ್ಪಾಟು ಸರಳ: ಒಂದು ವೋಲ್ಟ್ ಹೆಚ್ಚಿಸಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆ ವೋಲ್ಟನ್ನು ಕಳಿಸಲು ಅವನು ಹಚ್ಚಿದ್ದು ಪಿಯಾನೋದಂಥ ಕರಿ-ಬಿಳಿ ಮನೆಗಳನ್ನು. ಪ್ರಪಂಚದಲ್ಲಿ ಇಲ್ಲದ ಸದ್ದೆಲ್ಲ ಮಾಡಬಲ್ಲ ಯಂತ್ರ, ಆದರೆ ಅದನ್ನು ಮುಟ್ಟಲು ಇದ್ದ ಬಾಗಿಲು ಮತ್ತೆ ಪೇಟಿಯ ಮನೆಗಳೇ! ಜಾರಲು ಪಕ್ಕದಲ್ಲಿ ಒಂದು ಪಟ್ಟಿ ಅಥವಾ ಚಕ್ರ ಇಟ್ಟರು. ಜಾತ್ರೆಯ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸುವವರು ಎಡಗೈಯಲ್ಲಿ ಒಂದು ಚಕ್ರ ತಿರುಗಿಸುವುದನ್ನು ನೋಡಿರುತ್ತೀರಿ, ಶಹನಾಯಿ, ನಾದಸ್ವರದ ಎಳೆತ ತರುವುದು ಅದರಿಂದ. ಕೈ ಪಳಗಿದವರು ಚೆನ್ನಾಗೇ ಮಾಡುತ್ತಾರೆ. ಆದರೆ ಸ್ವರ ಒಂದು ಕೈಯಲ್ಲಿ, ಅದರ ಗಮಕ ಇನ್ನೊಂದು ಕೈಯಲ್ಲಿ.

ಗಿಟಾರ್ ಕಲಿತವರು ಕೇಳಿದ್ದು: ನಮ್ಮ ತಂತಿಯಿಂದಲೇ ಈ ಯಂತ್ರವನ್ನು ಯಾಕೆ ನುಡಿಸಬಾರದು?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಮುಖ್ಯನಾದವನು ಜಪಾನಿನ ಇಕುತಾರೊ ಕಾಕೆಹಾಶಿ. 1930ರಲ್ಲಿ ಹುಟ್ಟಿದವನು. ಯುದ್ಧ ಮುಗಿದ ಹೊಸತರಲ್ಲಿ, ಇನ್ನೂ ಹದಿಹರೆಯದವನು, ಗಡಿಯಾರ ರಿಪೇರಿ ಅಂಗಡಿ ಇಟ್ಟ, ಆಮೇಲೆ ರೇಡಿಯೋ ರಿಪೇರಿ. ನಡುವೆ ಕ್ಷಯರೋಗ ಬಂದು ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1972ರಲ್ಲಿ ಒಸಾಕಾ ಊರಿನಲ್ಲಿ ರೋಲ್ಯಾಂಡ್ ಎಂಬ ಕಂಪನಿ ಶುರುಮಾಡಿದ. ಆದೋನಿಯ ಬಜಾರಿನಲ್ಲಿ ರೇಡಿಯೋ ಬಿಚ್ಚಿ ಕೂತಿರುತ್ತಿದ್ದ ನಮ್ಮ ಮೆಕಾನಿಕ್ಕುಗಳನ್ನು ನೆನೆದಾಗೆಲ್ಲ ನನಗೆ ಈ ಮನುಷ್ಯ ನೆನಪಾಗುತ್ತಾನೆ. 1977ರಲ್ಲಿ ಅವನ ಕಂಪನಿ ಜಿಆರ್-500 ಎಂಬ ಗಿಟಾರ್ ಸಿಂಥಸೈಜರ್ ಹೊರತಂದಿತು. ಅದೇ ವರ್ಷ ಅಮೆರಿಕದ ಎಆರ್‌ಪಿ ಕಂಪನಿಯೂ ‘ಅವತಾರ್’ ಎಂಬ ಹೆಸರಿನ, ಹೌದು ನಮ್ಮ ಅವತಾರವೇ, ಇಂಥದ್ದೊಂದನ್ನು ಮಾಡಿತು. ಅದು ಮಾರಾಟವಾಗಲಿಲ್ಲ. ಕಂಪನಿ ಮುಳುಗಲು ಅದೂ ಒಂದು ಕಾರಣವಾಯಿತು, 1981ಕ್ಕೆ ಬಾಗಿಲು ಮುಚ್ಚಿತು.

ಕಷ್ಟ ಎಲ್ಲಿತ್ತು ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನನಗೇ ಅರ್ಥವಾಗಲು ಬಹಳ ದಿನ ಬೇಕಾಯಿತು. ಕೀಬೋರ್ಡಿನಲ್ಲಿ ಒಂದು ಮನೆ ಒತ್ತಿದರೆ ಯಾವ ಸ್ವರ ಎಂಬುದು ಯಂತ್ರಕ್ಕೆ ತಕ್ಷಣ ಗೊತ್ತು, ಮನೆಯೇ ಸ್ವಿಚ್ಚು. ತಂತಿ ಸ್ವಿಚ್ಚಲ್ಲ. ಅದು ನಡುಗುತ್ತದೆ, ಎಷ್ಟು ಸಲ ನಡುಗಿತು ಅಂತ ಯಂತ್ರ ಎಣಿಸಿ ಸ್ವರ ಯಾವುದೆಂದು ತಿಳಿಯಬೇಕು. ಗಿಟಾರಿನ ಆರು ತಂತಿಗಳೂ ಒಂದೇ ಪಿಕಪ್ಪಿಗೆ ಬಿದ್ದರೆ ಅದು ಹತ್ತಿ ಮಾರ್ಕೆಟ್ಟಿನ ಹರಾಜಿನಂತೆ, ಆರು ಜನ ಒಟ್ಟಿಗೆ ರೇಟು ಕೂಗಿದರೆ ಬರೆದುಕೊಳ್ಳುವವನು ಏನು ಬರೆದಾನು? ಹಾಗಾಗಿ ಒಂದೊಂದು ತಂತಿಗೆ ಒಂದೊಂದರಂತೆ ಆರು ಪುಟ್ಟ ಪಿಕಪ್ಪುಗಳನ್ನು ಸಾಲಾಗಿ ಕೂರಿಸಿದರು. ಒಬ್ಬೊಬ್ಬನ ಪಕ್ಕದಲ್ಲಿ ಒಬ್ಬೊಬ್ಬ ಗುಮಾಸ್ತ.

ಆದರೂ ತಡ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಸಲ ನಡುಗುತ್ತದೆ. ಒಂದು ಸುತ್ತು ಮುಗಿಯಲು 12 ಮಿಲಿಸೆಕೆಂಡ್. ಇದೇ ಸ್ವರ ಅಂತ ಖಾತ್ರಿಯಾಗಲು ಕಡಿಮೆ ಅಂದರೂ ಎರಡು ಸುತ್ತು ನೋಡಬೇಕು, ಅಂದರೆ ಸುಮಾರು 24. ಕೇಳುವುದಕ್ಕೆ ಇದೇನು ಮಹಾ ಅನ್ನಿಸುತ್ತದೆ. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿನಲ್ಲಿ ಎಂಟು ಮೀಟರ್ ಹೋಗುತ್ತದೆ. ಮದ್ದಳೆಯವನನ್ನು ಎಂಟು ಮೀಟರ್ ದೂರ ಕೂರಿಸಿ ನುಡಿಸು ಅಂದರೆ ಹೇಗೋ ಹಾಗೆ. ಕೈ ಮೊದಲು ಹೋಗುತ್ತದೆ, ಸದ್ದು ಹಿಂದೆ ಬರುತ್ತದೆ. ಸಣ್ಣ ತಂತಿ ಸೆಕೆಂಡಿಗೆ 330 ಸಲ ನಡುಗುವುದರಿಂದ ಅದಕ್ಕೆ ಒಂದು ಸುತ್ತಿಗೆ 3 ಮಿಲಿಸೆಕೆಂಡ್ ಸಾಕು. ಹಾಗಾಗಿ ಒಂದೇ ವಾದ್ಯದ ಸಣ್ಣ ತಂತಿ ಚುರುಕು, ದಪ್ಪ ತಂತಿ ಸೋಮಾರಿ. ಜೊತೆಗೆ ಬೆರಳು ಉಜ್ಜಿದರೂ, ಉಗುರು ತಾಕಿದರೂ ಯಂತ್ರ ಅದನ್ನೊಂದು ಸ್ವರ ಅಂದುಕೊಂಡು ಕಿಂಯ್ ಅನ್ನುತ್ತದೆ. ಈ ಪೀಡೆ ಇವತ್ತಿಗೂ ಪೂರ್ತಿ ಹೋಗಿಲ್ಲ.

1980ರಲ್ಲಿ ಬಂದ ಜಿಆರ್-300 ಇದನ್ನು ಜಾಣತನದಿಂದ ದಾಟಿತು. ತಂತಿಯ ಅಲೆಯನ್ನು ಎಣಿಸಿ ಹೆಸರಿಡುವ ಬದಲು, ತಂತಿಯ ನಡುಕಕ್ಕೇ ಯಂತ್ರದ ಅಲೆಯನ್ನು ಕಟ್ಟಿಹಾಕಿತು. ತಂತಿ ಎಳೆದಂತೆ ಅದೂ ಎಳೆಯುತ್ತದೆ. ಅಮೆರಿಕದ ಪ್ಯಾಟ್ ಮೆಥಿನಿ ಎಂಬಾತ 1982ರ ಒಂದು ಆಲ್ಬಮ್ಮಿನಲ್ಲಿ ಇದನ್ನು ಕಹಳೆಯಂತೆ ಕೂಗಿಸಿದ್ದಾನೆ. ಅಳಿಯ ಫೋನಿನಲ್ಲಿ ಕೇಳಿಸಿದ. ಅದು ಗಿಟಾರ್ ಅಂದರೆ ನಾನು ನಂಬಲಿಲ್ಲ.

ಆ ಹೊತ್ತಿಗೆ ಜಗತ್ತಿನಲ್ಲಿ ಇನ್ನೊಂದು ದೊಡ್ಡ ಬದಲಾವಣೆ ನಡೆಯುತ್ತಿತ್ತು. ಒಂದು ಕಂಪನಿಯ ಯಂತ್ರ ಇನ್ನೊಂದರ ಜೊತೆ ಮಾತಾಡುತ್ತಿರಲಿಲ್ಲ. ಕಾಕೆಹಾಶಿ ಮತ್ತು ಅಮೆರಿಕದ ಡೇವ್ ಸ್ಮಿತ್ ಮೊದಲಾದವರು ಕೂತು ಎಲ್ಲಕ್ಕೂ ಒಂದೇ ಭಾಷೆ ಮಾಡಿದರು. 1983ರ ಜನವರಿಯಲ್ಲಿ ಅಮೆರಿಕದ ಒಂದು ವಾದ್ಯಗಳ ಮೇಳದಲ್ಲಿ ಇಬ್ಬರ ಯಂತ್ರಗಳನ್ನು ಒಂದು ವೈರಿನಿಂದ ಜೋಡಿಸಿ ತೋರಿಸಿದರು, ಒಂದನ್ನು ನುಡಿಸಿದರೆ ಇನ್ನೊಂದು ಹಾಡಿತು. ಈ ಭಾಷೆಯ ಹೆಸರು ಮಿಡಿ. ಕನ್ನಡದ ಕಿವಿಗೆ ಮಿಡಿಯುವ ಮಿಡಿಯೇ ಆಗಿ ಕೇಳುತ್ತದೆ, ಅದು ಕಾಕತಾಳೀಯ. ಮೂವತ್ತು ವರ್ಷದ ಮೇಲೆ, 2013ರಲ್ಲಿ, ಇದೇ ಕೆಲಸಕ್ಕೆ ಆ ಇಬ್ಬರಿಗೂ ಗ್ರ್ಯಾಮಿಯ ತಾಂತ್ರಿಕ ಪ್ರಶಸ್ತಿ ಬಂತು.

ಮಿಡಿ ವೈರಿನಲ್ಲಿ ಸದ್ದು ಹೋಗುವುದಿಲ್ಲ. ಇದನ್ನು ಅಳಿಯ ನನಗೆ ಹೇಳಿದ್ದು ಹೀಗೆ: ‘ಮಾವಾ, ಅಡತಿ ಅಂಗಡಿಯಿಂದ ಗೋದಾಮಿಗೆ ಮೂಟೆ ಹೊತ್ಕೊಂಡು ಹೋಗಲ್ಲ, ಚೀಟಿ ಕಳಿಸ್ತಾರಲ್ಲ, ಇದೂ ಅಷ್ಟೇ. ಬರೇ ಚೀಟಿ.’ ಚೀಟಿಯಲ್ಲಿ ಮೂರು ಸಂಖ್ಯೆ. ಸ್ವರ ಶುರುವಾಯಿತು ಎಂಬುದು ಒಂದು, ಯಾವ ಸ್ವರ ಎಂಬುದು ಇನ್ನೊಂದು, ಎಷ್ಟು ಜೋರಾಗಿ ಎಂಬುದು ಮೂರನೆಯದು. ಸ್ವರಗಳಿಗೆ 0ರಿಂದ 127ರವರೆಗೆ ನಂಬರು. ಇಂಥ ಒಂದು ಚೀಟಿ ಹೋಗಲು ಒಂದು ಮಿಲಿಸೆಕೆಂಡ್ ಸಾಕು. ಗೋದಾಮಿನಲ್ಲಿ, ಅಂದರೆ ಸಿಂಥಸೈಜರಿನಲ್ಲಿ, ಯಾವ ಸದ್ದು ಇಟ್ಟಿದ್ದೀರೋ ಅದು ಹೊರಬರುತ್ತದೆ. ಕೊಳಲಿಟ್ಟರೆ ಕೊಳಲು, ಪೇಟಿಯಿಟ್ಟರೆ ಪೇಟಿ. ಅದೇ 1983ರಲ್ಲಿ ಯಮಹಾದ ಡಿಎಕ್ಸ್-7 ಬಂದು ಡಿಜಿಟಲ್ ಸಿಂಥಸೈಜರ್ ಸಂಗೀತಗಾರರ ಕೈಗೆ ಸಿಕ್ಕಿತು.

ಆದರೆ ಈ ಭಾಷೆ ಮಾಡಿದವರ ಕಣ್ಣ ಮುಂದೆ ಇದ್ದದ್ದೂ ಕೀಬೋರ್ಡೇ. ಸ್ವರಗಳಿಗೆ ನಂಬರು ಕೊಟ್ಟರು, 60, 61, 62. ನಡುವಿನ ಜಾಗಕ್ಕೆ ನಂಬರಿಲ್ಲ. ಮತ್ತೆ ಅದೇ ಮರ! ಆ ಜಾಗಕ್ಕೆ ಬೇರೊಂದು ಚೀಟಿ ಮಾಡಿದರು, ‘ಇಷ್ಟು ಬಗ್ಗಿಸು’ ಅಂತ ಹೇಳುವುದು. ಅದರಲ್ಲಿ 16,384 ಮೆಟ್ಟಿಲುಗಳಿವೆ, ಕಿವಿಗೆ ಮೆಟ್ಟಿಲೆಂದು ತಿಳಿಯದಷ್ಟು ಸಣ್ಣವು. ತೊಂದರೆ ಏನೆಂದರೆ, ಬಗ್ಗಿಸು ಅಂದರೆ ಆ ಸಾಲಿನಲ್ಲಿ ನುಡಿಯುತ್ತಿರುವ ಎಲ್ಲ ಸ್ವರಗಳೂ ಒಟ್ಟಿಗೆ ಬಗ್ಗುತ್ತವೆ. ಮಿಡಿಯಲ್ಲಿ 16 ಸಾಲುಗಳಿದ್ದವು. ಗಿಟಾರಿನವರು ಆರು ತಂತಿಗೆ ಆರು ಸಾಲು ಹಂಚಿಕೊಂಡರು, ಒಂದು ತಂತಿ ಎಳೆದರೆ ಅದೊಂದೇ ಬಗ್ಗಬೇಕು ಅಂತ. 1984ರಲ್ಲಿ ರೋಲ್ಯಾಂಡಿನ ಜಿಆರ್-700 ಬಂತು, ಮಿಡಿ ಕಳಿಸುವ ಗಿಟಾರ್ ಯಂತ್ರ. ಇಂಗ್ಲೆಂಡಿನ ಮೂವರು ಸಿಂಥ್‌ಆಕ್ಸ್ ಅಂತ ಇನ್ನೊಂದು ಮಾಡಿದರು. ಎಡಗೈಗೆ ಒಂದು ಜೊತೆ ತಂತಿ, ಬಲಗೈಗೆ ಬೇರೊಂದು ಜೊತೆ, ತನ್ನದೆಂಬ ಒಂದು ಸದ್ದೂ ಇಲ್ಲ, ಬೆಲೆ ಮಾತ್ರ ಆಕಾಶಕ್ಕೆ. ಅಲನ್ ಹೋಲ್ಡ್ಸ್‌ವರ್ತ್ ಎಂಬ ದೊಡ್ಡ ವಾದಕ ಅದಕ್ಕೆ ಮರುಳಾಗಿ ವರ್ಷಗಟ್ಟಲೆ ನುಡಿಸಿದ. ಅವನಂಥವರು ಬಿಟ್ಟರೆ ಕೊಂಡವರು ಕಡಿಮೆ.

ನಮ್ಮ ದೇಶಕ್ಕೆ ಇದು ತಾಕಿದ್ದು ಎರಡು ಮೂರು ದಾರಿಯಲ್ಲಿ. ಮೊದಲನೆಯದು ಜಾನ್ ಮೆಕ್ಲಾಗ್ಲಿನ್ ಎಂಬ ಇಂಗ್ಲಿಷ್ ಗಿಟಾರ್ ವಾದಕ. 1970ರ ದಶಕದಲ್ಲಿ ಈತ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರ ಹತ್ತಿರ ವೀಣೆ ಕಲಿತ. ಆಮೇಲೆ ಪಿಟೀಲಿನ ಎಲ್. ಶಂಕರ್, ತಬಲಾದ ಜಾಕೀರ್ ಹುಸೇನ್, ಘಟದ ವಿಕ್ಕು ವಿನಾಯಕರಾಂ ಜೊತೆ ‘ಶಕ್ತಿ’ ಎಂಬ ತಂಡ ಕಟ್ಟಿದ. ಅದಕ್ಕಾಗಿ ಮಾಡಿಸಿಕೊಂಡ ಗಿಟಾರಿನಲ್ಲಿ ಮೆಟ್ಟಿಲುಗಳ ನಡುವಿನ ಮರವನ್ನು ಕೊರೆಸಿ ಹಳ್ಳ ಮಾಡಿಸಿದ, ವೀಣೆಯಂತೆ ತಂತಿಯನ್ನು ಎಳೆಯಲು. ಅದೇ ಮನುಷ್ಯ 1984ರಲ್ಲಿ ಗಿಟಾರಿನಿಂದ ಸಿಂಕ್ಲೇವಿಯರ್ ಎಂಬ ಡಿಜಿಟಲ್ ಯಂತ್ರ ನುಡಿಸಿ ರೆಕಾರ್ಡು ಮಾಡಿದ. ವೀಣೆಯ ಗಮಕ ಕಲಿತ ಬೆರಳು, ಡಿಜಿಟಲ್ ಯಂತ್ರದ ದನಿ. ಮುಂದೆ ಇದೇ ಕೂಟದಲ್ಲಿ ನಮ್ಮ ಆಂಧ್ರದ ಪಾಲಕೊಲ್ಲಿನ ಯು. ಶ್ರೀನಿವಾಸ್ ಸೇರಿದರು. ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು ಕರ್ನಾಟಕ ಸಂಗೀತ ನುಡಿಸಿ, ಆ ಪುಟ್ಟ ವಾದ್ಯಕ್ಕೆ ಜಾರು ಬರುತ್ತದೆ ಅಂತ ತೋರಿಸಿದ ಹುಡುಗ. 2014ರಲ್ಲಿ 45 ವರ್ಷಕ್ಕೆ ಹೋಗಿಬಿಟ್ಟರು.

ಎರಡನೆಯವರು ಮುಂಬಯಿಯ ಚರಣ್‌ಜಿತ್ ಸಿಂಗ್. ಹಿಂದಿ ಸಿನಿಮಾದ ಆರ್ಕೆಸ್ಟ್ರಾಗಳಲ್ಲಿ ಗಿಟಾರ್ ನುಡಿಸುತ್ತಿದ್ದವರು. 1982ರಲ್ಲಿ ರೋಲ್ಯಾಂಡಿನ ಮೂರು ಯಂತ್ರಗಳನ್ನು ಇಟ್ಟುಕೊಂಡು ಭೈರವಿ, ಲಲಿತ್, ಯಮನ್, ಮಾಲ್‌ಕೌಂಸ್ ಹೀಗೆ ಹತ್ತು ರಾಗಗಳನ್ನು ಡಿಸ್ಕೋ ತಾಳಕ್ಕೆ ಹಾಕಿ ಒಂದು ರೆಕಾರ್ಡು ತಂದರು. ಅದರಲ್ಲಿ ಒಂದು ಯಂತ್ರ, ಟಿಬಿ-303, ಮೂಲತಃ ಒಂಟಿ ಗಿಟಾರಿನವನಿಗೆ ಬೇಸ್ ಜೊತೆ ಕೊಡಲು ಮಾಡಿದ್ದು. ಅದಕ್ಕೆ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗುಣವಿತ್ತು. ಆ ಜಾರು ರಾಗಕ್ಕೆ ಆಗುತ್ತದೆ ಅಂತ ಒಬ್ಬ ಗಿಟಾರಿನವನ ಕಿವಿಗೆ ಹೊಳೆದದ್ದು ನನಗೆ ಆಶ್ಚರ್ಯವೆನಿಸುವುದಿಲ್ಲ. ಆಗ ಯಾರೂ ಕೇಳಲಿಲ್ಲ. 2010ರಲ್ಲಿ ಹೊರದೇಶದವರು ಮತ್ತೆ ಅಚ್ಚು ಹಾಕಿದ ಮೇಲೆ ಎಪ್ಪತ್ತರ ವಯಸ್ಸಿನಲ್ಲಿ ಅವರ ಹೆಸರು ಹಬ್ಬಿತು. 2015ರಲ್ಲಿ ತೀರಿಕೊಂಡರು.

ಮೂರನೆಯದು ನಮ್ಮ ಕನ್ನಡನಾಡಿನದು. ಹಿಂದೆ ಮೈಸೂರಿನಲ್ಲಿ ವೀಣೆ ಶೇಷಣ್ಣನವರು ಪಿಯಾನೋ ಕೂಡ ನುಡಿಸುತ್ತಿದ್ದರು, ಹೊಸ ವಾದ್ಯ ಅಂದರೆ ಹೆದರುವ ಜಾಯಮಾನ ಅಲ್ಲಿರಲಿಲ್ಲ. ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಎಂಜಿನಿಯರ್, ಜೊತೆಗೆ ಕೊಳಲು ವಾದಕರು. ಅವರು ಕಟ್ಟಿದ ರೇಡೆಲ್ ಎಂಬ ಸಂಸ್ಥೆಯ ಎಲೆಕ್ಟ್ರಾನಿಕ್ ತಂಬೂರಿ ಈಗ ಭಜನೆ ಮನೆಗಳಲ್ಲೂ ಇದೆ, ನಮ್ಮ ಕಡೆ ‘ಶ್ರುತಿ ಡಬ್ಬಿ’ ಅನ್ನುವುದು ಇಂಥದ್ದನ್ನೇ. ಆಮೇಲೆ ಅವರು ಡಿಜಿಟಲ್ ವೀಣೆಯನ್ನೂ ಮಾಡಿದರು. ತಂತಿ ಇದೆ, ಮೆಟ್ಟಿಲು ಇದೆ, ಎಳೆದರೆ ಗಮಕ ಬರುತ್ತದೆ, ಆದರೆ ಕೇಳುವ ನಾದ ಒಳಗಿನ ಎಲೆಕ್ಟ್ರಾನಿಕ್ಸಿನದು. ಶ್ರುತಿ ಬದಲಿಸಲು ಬಿರಡೆ ತಿರುವಿ ಒದ್ದಾಡಬೇಕಿಲ್ಲ. ಗಿಟಾರಿನವರು ಜಪಾನಿನಲ್ಲೂ ಅಮೆರಿಕದಲ್ಲೂ ಹುಡುಕಿದ ಪ್ರಶ್ನೆಯನ್ನೇ ಬೆಂಗಳೂರಿನಲ್ಲಿ ವೀಣೆಯ ಕಡೆಯಿಂದ ಕೇಳಿದರು ಅಂತ ನಾನು ತಿಳಿಯುತ್ತೇನೆ.

ಇನ್ನು ನಮ್ಮೂರ ಕಟ್ಟೆಗೆ ಬರುತ್ತೇನೆ.

ಅಳಿಯ ಬೆಂಗಳೂರಿನಲ್ಲಿ ಓದುತ್ತಾನೆ. ರಜಕ್ಕೆ ಬಂದಾಗ ಅಟ್ಟದ ಮೇಲಿನಿಂದ ಅಜ್ಜನ ಪೇಟಿ ಇಳಿಸಿದ. ಇಲಿ ತಿದಿಯನ್ನು ಕಡಿದಿತ್ತು, ತೊಗಲು ಅಂಟಿಸಿದೆವು. ಒಂದು ರಾತ್ರಿ, ಗಾಳಿ ನಿಂತು ನಾಯಿಗಳೂ ಮಲಗಿದ ಮೇಲೆ, 37 ಮನೆಗಳನ್ನೂ ಒಂದೊಂದಾಗಿ ಒತ್ತಿ ಲ್ಯಾಪ್‌ಟಾಪಿಗೆ ತುಂಬಿಸಿದ. ನಾನು ತಿದಿ ಒತ್ತಿದೆ. ಅಪ್ಪನ ಪೇಟಿಯ ತಿದಿ ನಾನು ಒತ್ತಿದ್ದು ಅದೇ ಮೊದಲು, ಅವರಿದ್ದಾಗ ಮುಟ್ಟಲು ಬಿಡುತ್ತಿರಲಿಲ್ಲ. ಗಿಟಾರಿಗೆ ಆರು ಕಣ್ಣಿನ ಪಿಕಪ್ ಹಚ್ಚಿದ, ಗೆಳೆಯನಿಂದ ಎರವಲು ತಂದ ಹಳೇ ಡಬ್ಬಿಯೊಂದನ್ನು ನಡುವೆ ಇಟ್ಟ. ತಂತಿ ಮೀಟಿದರೆ ಡಬ್ಬಿ ಚೀಟಿ ಬರೆಯುತ್ತದೆ, ಲ್ಯಾಪ್‌ಟಾಪು ಅಜ್ಜನ ಪೇಟಿಯ ಆ ಮನೆಯನ್ನು ನುಡಿಸುತ್ತದೆ.

ಮೊದಲ ದಿನ ಪೇಟಿಗೆ ಹುಚ್ಚು ಹಿಡಿದಂತಾಯಿತು. ತಂತಿಯನ್ನು ಒಂದು ಸ್ವರದಷ್ಟು ಎಳೆದರೆ ಸದ್ದು ಮೇಲಿನ ಸ್ಥಾಯಿಗೆ ಹಾರುತ್ತಿತ್ತು. ನನ್ನ ತಂಗಿ ಒಳಗಿನಿಂದ ‘ಅದೇನೋ ಬೆಕ್ಕಿನ ಬಾಲ ತುಳಿದಂಗೆ’ ಅಂದಳು. ಆಮೇಲೆ ಗೊತ್ತಾಯಿತು, ‘ಬಗ್ಗಿಸು’ ಎಂಬ ಚೀಟಿಯ ಅಳತೆ ಎರಡೂ ಕಡೆ ಒಂದೇ ಇರಬೇಕು. ಡಬ್ಬಿಯಲ್ಲಿ ಪೂರ್ತಿ ಬಗ್ಗು ಅಂದರೆ ಎರಡು ಅರ್ಧಸ್ವರ, ಲ್ಯಾಪ್‌ಟಾಪಿನಲ್ಲಿ ಹನ್ನೆರಡು. ಕಳಿಸಿದವನು ಸೇರಿನಲ್ಲಿ ಬರೆದ, ತೆಗೆದುಕೊಂಡವನು ಆರು ಪಾಲು ಜಾಸ್ತಿ ಅಳೆದ. ಎರಡನ್ನೂ ಹನ್ನೆರಡಕ್ಕೆ ತಂದ ಮೇಲೆ ಸರಿಹೋಯಿತು. ದಪ್ಪ ತಂತಿಯ ಸೋಮಾರಿತನಕ್ಕೆ ಉಪಾಯ, ಸಣ್ಣ ತಂತಿಗಳಲ್ಲೇ ನುಡಿಸಿ ಲ್ಯಾಪ್‌ಟಾಪಿನಲ್ಲಿ ಒಂದು ಸ್ಥಾಯಿ ಕೆಳಗಿಳಿಸುವುದು.

ಜಾತ್ರೆಯ ರಾತ್ರಿ ದೊಡ್ಡಾಟ ಶುರುವಾಗುವ ಮುಂಚೆ ಅರ್ಧ ಗಂಟೆ ಕೊಟ್ಟಿದ್ದರು. ಮದ್ದಳೆಗೆ ಅಪ್ಪನ ಜೊತೆ ನುಡಿಸಿದ್ದ ಅಜ್ಜನೇ ಕೂತ, ಎಂಬತ್ತು ದಾಟಿದೆ. ಹುಡುಗ ಭೈರವಿಯಲ್ಲಿ ಅಪ್ಪನದೇ ಒಂದು ನಾಂದಿ ಎತ್ತಿಕೊಂಡ. ಮೂರು ಕಡೆ ಕಿಂಯ್ ಅಂತು. ದ್ರುತಕ್ಕೆ ಹೋದಾಗ ಸದ್ದು ಹಿಂದೆ ಬಿತ್ತು, ಅಜ್ಜ ಹುಬ್ಬು ಗಂಟಿಕ್ಕಿ ತಾನೇ ಲಯ ಹಿಡಿದೆಳೆದ. ನಿಜ ಹೇಳಬೇಕೆಂದರೆ ಕಛೇರಿ ಅಂಥ ಚೆನ್ನಾಗೇನೂ ಆಗಲಿಲ್ಲ. ಆದರೆ ನಡುವೆ ಒಂದು ಕಡೆ, ನಿಧಾನದಲ್ಲಿ, ಹುಡುಗ ನಿಷಾದದಿಂದ ಷಡ್ಜಕ್ಕೆ ತಂತಿ ಎಳೆದ. ಅಪ್ಪನ ಪೇಟಿ, ಅದೇ ಗೊಗ್ಗರು ದನಿ, ರೀಡಿನ ಹಿಂದಿನ ಅದೇ ಗಾಳಿಯ ಉಸ್ ಅನ್ನುವುದು ಸಮೇತ, ನಿಯಿಂದ ಸಕ್ಕೆ ಜಾರಿತು. ನಾನು ಪಕ್ಕದಲ್ಲಿ ವೈರು ಹಿಡಿದು ನಿಂತಿದ್ದೆ. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ, ಅಳಿಯ ‘ಮಾವಾ, ವೈರು ಬಿಡು’ ಅಂದಾಗ ಎಚ್ಚರವಾಯಿತು.

ಮರುದಿನ ಬೆಳಿಗ್ಗೆ ಮದ್ದಳೆಯ ಅಜ್ಜ ಕೋಲೂರಿಕೊಂಡು ಮನೆಗೆ ಬಂದ. ಚಹಾ ಕೂಡ ಕುಡಿಯಲಿಲ್ಲ. ‘ಮಾಸ್ತರ ಪೇಟಿ ತಗಿ’ ಅಂದ. ತೆಗೆದು ಮುಂದಿಟ್ಟೆ. ತಿದಿ ಒತ್ತಿ, ಮಂದ್ರದ ಒಂದು ಕರಿ ಮನೆಯ ಮೇಲೆ ಬೆರಳಿಟ್ಟ. ಸದ್ದಿಲ್ಲ.

‘ಈ ಮನಿ ಸತ್ತು ಮಾಸ್ತರಿಗಿಂತ ಮುಂಚೇನೇ ಆತು. ಅವ್ರು ಇದನ್ನ ಬಿಟ್ಟೇ ನುಡಿಸೋರು. ನಿನ್ನೆ ರಾತ್ರಿ ಇದು ಹೆಂಗ್ ನುಡೀತು?’

ಅಳಿಯ ತಲೆ ಕೆರೆದುಕೊಂಡ. ರೆಕಾರ್ಡು ಮಾಡುವಾಗ ಆ ಮನೆ ನುಡಿಯಲಿಲ್ಲ, ಅದಕ್ಕೆ ಪಕ್ಕದ ಬಿಳಿ ಮನೆಯ ಸದ್ದನ್ನೇ ಅರ್ಧಸ್ವರ ಇಳಿಸಿ ಅಲ್ಲಿ ಕೂರಿಸಿದ್ದೆ, ಅಂತ ಒಪ್ಪಿಕೊಂಡ.

‘ಅದಕ್ಕೇ ಅಂದ್ಕಂಡೆ. ಆ ಒಂದು ಸ್ವರ ಮಾಸ್ತರದಲ್ಲ, ನಿಂದು.’ ಅಜ್ಜ ನಕ್ಕನೋ ಇಲ್ಲವೋ ನನಗೆ ತಿಳಿಯಲಿಲ್ಲ. ‘ಮೊದ್ಲು ಇದರ ರೀಡು ಹಾಕಿಸ್ರಿ.’

ಬಳ್ಳಾರಿಗೆ ಒಯ್ದು ರೀಡು ಹಾಕಿಸಿದೆವು. ಹೋದ ತಿಂಗಳು ಪೇಟಿ ವಾಪಸು ಬಂತು, ಈಗ 37 ಮನೆಯೂ ನುಡಿಯುತ್ತವೆ, ಹೊಸ ರೀಡಿನದು ಮಾತ್ರ ಸ್ವಲ್ಪ ಹೆಚ್ಚು ಮಿನುಗುತ್ತದೆ. ದಸರಾ ರಜಕ್ಕೆ ಬಂದಾಗ ಆ ಒಂದು ಮನೆಯನ್ನು ಮತ್ತೆ ತುಂಬಿಸುತ್ತೇನೆ ಅಂತ ಅಳಿಯ ಫೋನು ಮಾಡಿದ್ದ. ತಿದಿ ಒತ್ತಲು ಅಜ್ಜನೇ ಬರುತ್ತಾನಂತೆ.